ಕಾನೂನು ವಿದ್ಯಾರ್ಥಿ: ಪರೀಕ್ಷೆಯ ಓದು, ವೃತ್ತಿಯ ಪರಿಚಯ

ಬೀದರ್, ಭಾಲ್ಕಿ, ಔರಾದ್ ಭಾಗದಲ್ಲಿ ವಕೀಲರ ಮನೆತನದ ಹಿನ್ನೆಲೆಯಿಲ್ಲದೆ ಕಾನೂನು ಪದವಿಗೆ ಸೇರಿದ ವಿದ್ಯಾರ್ಥಿಗೆ ಎರಡು ಚಿಂತೆಗಳಿರುತ್ತವೆ. ಪರೀಕ್ಷೆ ದಾಟುವುದು ಹೇಗೆ ಎಂಬುದು ಒಂದು. ದಾಟಿದ ಮೇಲೆ ಕೈಹಿಡಿಯುವ ಸೀನಿಯರ್ ಯಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗೈಡುಗಳನ್ನು ನಂಬಿ, ಎರಡನೆಯದನ್ನು ಪದವಿ ಮುಗಿದ ಮೇಲೆ ನೋಡಿಕೊಳ್ಳೋಣವೆಂದು ಮುಂದೂಡುವುದು ರೂಢಿ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಈ ರೂಢಿಯನ್ನು ದುಬಾರಿಯಾಗಿಸಿತು.

ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕುಳಿತುಕೊಳ್ಳಲು ಕನಿಷ್ಠ 3 ವರ್ಷಗಳ ವಕೀಲಿಕೆ ಬೇಕೆಂದು ಆ ತೀರ್ಪು ವಿಧಿಸಿತು. 10 ವರ್ಷಗಳ ಅನುಭವವುಳ್ಳ ವಕೀಲರು ನೀಡಿ, ಪ್ರಧಾನ ನ್ಯಾಯಾಂಗ ಅಧಿಕಾರಿ ದೃಢೀಕರಿಸಿದ ಪ್ರಮಾಣಪತ್ರ ಇದಕ್ಕೆ ಒಂದು ಆಧಾರ. ಅಂದರೆ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ನಿಜವಾಗಿ ದುಡಿದಿರುವುದೇ ನ್ಯಾಯಾಧೀಶರ ಪರೀಕ್ಷೆಯ ಪೂರ್ವಸಿದ್ಧತೆಯ ಭಾಗವಾಯಿತು. ಅವಧಿಯ ಎಣಿಕೆ ತಾತ್ಕಾಲಿಕ ನೋಂದಣಿಯ ದಿನದಿಂದಲೇ ಆರಂಭವಾಗುವುದರಿಂದ ಸನ್ನದು ಪಡೆಯಲು ತಡಮಾಡಬಾರದು. ನೋಂದಣಿ ಶುಲ್ಕವು ಸಾಮಾನ್ಯ ವರ್ಗಕ್ಕೆ 750 ರೂ., ಪರಿಶಿಷ್ಟರಿಗೆ 125 ರೂ. ಮೀರುವಂತಿಲ್ಲವೆಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಓದಿನ ಮಾತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮಗಳು ಜಾರಿಯಲ್ಲಿವೆ. ಕೊಲೆಯ 302ನೇ ಕಲಂ ಈಗ 103. ವಂಚನೆಯ 420 ಈಗ 318ರಲ್ಲಿ ಸೇರಿದೆ, ಆಡುಮಾತಿನ ‘ಫೋರ್‌ಟ್ವೆಂಟಿ’ ಮಾತ್ರ ಬದಲಾಗುವಂತೆ ಕಾಣದು. ಆ ದಿನಕ್ಕೆ ಮೊದಲಿನ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಎರಡನ್ನೂ ಅರಿತಿರಬೇಕು. ಅಣ್ಣ ಅಕ್ಕಂದಿರಿಂದ ಬಂದ ಹಳೆಯ ಗೈಡುಗಳು ಇಲ್ಲಿ ಕೈಕೊಡುತ್ತವೆ. ವಕೀಲರ ಪರಿಷತ್ತಿನ ಅಖಿಲ ಭಾರತ ಪರೀಕ್ಷೆಯಲ್ಲಿ 100 ಪ್ರಶ್ನೆಗಳಿದ್ದು, ಟಿಪ್ಪಣಿಯಿಲ್ಲದ ಬೇರ್ ಆಕ್ಟ್ ಒಯ್ಯಲು ಅವಕಾಶವಿದೆ. ಪುಸ್ತಕ ಎದುರಿಗಿದ್ದರೂ ಕಲಂ ಎಲ್ಲಿದೆಯೆಂದು ತಿಳಿಯದವರಿಗೆ ಅದರಿಂದ ಪ್ರಯೋಜನವಾಗದು. ಮೊದಲ ಸೆಮಿಸ್ಟರಿನಿಂದಲೇ ಬೇರ್ ಆಕ್ಟ್ ಓದುವ ಅಭ್ಯಾಸ ಇದಕ್ಕೇ ಬೇಕು.

ಈ ಜಿಲ್ಲೆಯ ವಿದ್ಯಾರ್ಥಿಗೆ ಒಂದು ಅನುಕೂಲವಿದೆ, ಅದನ್ನು ಆತ ಕೊರತೆಯೆಂದೇ ಭಾವಿಸುತ್ತಾನೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಪ್ರದೇಶದ ಹಳೆಯ ಜಮೀನು ದಾಖಲೆಗಳಲ್ಲಿ ಉರ್ದು ಉಂಟು. ಔರಾದ್, ಭಾಲ್ಕಿಯ ಕಕ್ಷಿದಾರರಲ್ಲಿ ಅನೇಕರು ಮರಾಠಿ ಆಡುವವರು. ವಾದಪತ್ರ ಕನ್ನಡದಲ್ಲಿ, ಹೈಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿ. ಸೀನಿಯರ್ ಕಚೇರಿಯಲ್ಲಿ ಇಂಥ ಕಾಗದಗಳನ್ನು ತರ್ಜುಮೆ ಮಾಡುವ ಕಿರಿಯನಿಗೆ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯ ಭಾಷಾಂತರ ಪತ್ರಿಕೆಗೆ ಬೇರೆ ತರಬೇತಿ ಅಷ್ಟಾಗಿ ಬೇಕಾಗದು. ಕಾರಂಜಾ ಜಲಾಶಯದ ಸಂತ್ರಸ್ತರ ಪರಿಹಾರದ ತಕರಾರನ್ನು ಅರಿತವನು ಭೂಸ್ವಾಧೀನದ ಪಾಠವನ್ನು ಮರೆಯಲಾರ. ಕೊಳಾರ ಕೈಗಾರಿಕಾ ಪ್ರದೇಶದಂಥ ಕಡೆ ಹುಟ್ಟುವ ಕಾರ್ಮಿಕರ ತಕರಾರುಗಳಿಗೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಇದನ್ನು ಹಿರಿಯರೂ ಈಗ ಹೊಸದಾಗಿ ಓದಬೇಕಾಗಿದೆ.

ಪರಿಚಯ ಬೆಳೆಸುವುದೆಂದರೆ ವಿಸಿಟಿಂಗ್ ಕಾರ್ಡ್ ಹಂಚುವುದಲ್ಲ. ವಕೀಲರು ಜಾಹೀರಾತು ನೀಡಿ ಕೆಲಸ ಕೋರುವುದನ್ನು ಪರಿಷತ್ತಿನ 36ನೇ ನಿಯಮ ನಿಷೇಧಿಸಿದೆ. ರಜೆಯ ದಿನಗಳಲ್ಲಿ ಕೋರ್ಟ್ ಹಾಲಿನಲ್ಲಿ ಕುಳಿತು ಪಾಟೀಸವಾಲು ಕೇಳುವುದು, ಆ ದಿನದ ಪ್ರಕರಣದ ಸಾರಾಂಶ ಬರೆದುಕೊಳ್ಳುವುದು, ಸಂಶಯವಿದ್ದರೆ ಕಲಾಪ ಮುಗಿದ ಮೇಲೆ ಆ ವಕೀಲರನ್ನೇ ವಿನಯದಿಂದ ಕೇಳುವುದು ಉತ್ತಮ ಆರಂಭ. ಸನ್ನದು ಪಡೆಯುವ ಮುನ್ನವೇ ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರಾಗಲು ವಿದ್ಯಾರ್ಥಿಗಳಿಗೆ ಅವಕಾಶವಿದೆ. ಲೋಕ ಅದಾಲತ್‌ನ ರಾಜಿ ಮಾತುಕತೆಗಳನ್ನು ಹತ್ತಿರದಿಂದ ಕಾಣಲು ಅದೂ ಒಂದು ದಾರಿ.

ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಹೈಕೋರ್ಟ್ ಪೀಠ 2013ರಲ್ಲಿ ಕಾಯಂ ಆಯಿತು. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಆರಂಭವಾಯಿತು. ಸೀನಿಯರ್ ಅವರ ಮೇಲ್ಮನವಿ ವಿಚಾರಣೆಗೆ ಬರುವ ದಿನ ಅವರೊಂದಿಗೆ ಹೋಗಿ, ಕೆಳ ನ್ಯಾಯಾಲಯದಲ್ಲಿ ತಾನೇ ಪ್ರತಿ ತೆಗೆದ ಕಡತ ಅಲ್ಲಿ ಹೇಗೆ ಪರಿಶೀಲನೆಗೊಳಗಾಗುತ್ತದೆಂದು ನೋಡಲು ಈಗ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ.