ಹತ್ತು ಎಕರೆ ಸುದ್ದಿ

ನಂಜನಗೂಡಿನ ಶ್ರೀಕಂಠೇಶ್ವರನ ಗುಡಿ ಮುಂದೆ ನಿಂತು ಕತ್ತೆತ್ತಿದರೆ ಏಳು ಅಂತಸ್ತಿನ ಗೋಪುರ. ಎತ್ತರ 120 ಅಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ 1845ರಲ್ಲಿ ಕಟ್ಟಿಸಿದ್ದು. ಚಿಕ್ಕಂದಿನಿಂದಲೂ ಎತ್ತರ ಅಂದರೆ ನನಗೆ ಇದೇ ಅಳತೆ.

ಈಚೆಗೊಂದು ದಿನ ಮನೆಯ ಅಟ್ಟ ಗುಡಿಸುವಾಗ ಒಂದು ತಿಂಗಳ ಇಂಗ್ಲಿಷ್ ಪೇಪರ್ ಕಟ್ಟು ಸಿಕ್ಕಿತು. ಮೂವತ್ತು ಸಂಚಿಕೆ, ಒಂದೊಂದೂ ಹದಿನಾರು ಪುಟ. ಅಂಗೈಯಲ್ಲಿ ಬಿಗಿಯಾಗಿ ಒತ್ತಿ ಮಕ್ಕಳ ಸ್ಕೇಲ್ ಇಟ್ಟು ನೋಡಿದೆ. ಮೂರು ಸೆಂಟಿಮೀಟರ್ ದಾಟಿತು. ಗುಜರಿ ಅಂಗಡಿಯ ತಕ್ಕಡಿಗೆ ಹಾಕಿದರೆ ಎರಡು ಕಿಲೋ. ಅಲ್ಲಿಂದ ಶುರುವಾದ ಲೆಕ್ಕ ನನ್ನನ್ನು ರಾತ್ರಿಯೆಲ್ಲ ಬಿಡಲಿಲ್ಲ.

ಕೈಯಲ್ಲಿದ್ದದ್ದು ಡೆಕ್ಕನ್ ಹೆರಾಲ್ಡ್. ಅದು ಹುಟ್ಟಿದ್ದು 1948ರ ಜೂನ್ 17ರಂದು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಐರಿಷ್ ದಂಪತಿ ನಡೆಸುತ್ತಿದ್ದ ‘ಫನಲ್ಸ್’ ಎಂಬ ಬಾರ್ ಮತ್ತು ರೆಸ್ಟೊರೆಂಟ್ ಮಾರಾಟಕ್ಕೆ ಬಂದಿತ್ತು. ಕೆ.ಎನ್. ಗುರುಸ್ವಾಮಿ ಆ ಜಾಗ ಕೊಂಡು ಪತ್ರಿಕೆ ಕಚೇರಿ ಮಾಡಿದರು. ಮೊದಲ ಸಂಪಾದಕರು ಪೋತನ್ ಜೋಸೆಫ್, ಆ ಕಾಲಕ್ಕೇ ದೇಶದಲ್ಲಿ ದೊಡ್ಡ ಹೆಸರು. ಮೈಸೂರು ಸಂಸ್ಥಾನದಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದು ಆಗ ಎಂಟು ತಿಂಗಳಷ್ಟೇ ಆಗಿತ್ತು. ಇಂಗ್ಲಿಷ್ ಪೇಪರ್ ಬಂದ 120ನೇ ದಿನಕ್ಕೆ, ಅಕ್ಟೋಬರ್ 15ರಂದು, ಅದೇ ಮನೆಯಿಂದ ಪ್ರಜಾವಾಣಿಯೂ ಹೊರಬಂತು.

2023ರ ಜೂನ್ 17ಕ್ಕೆ ಎಪ್ಪತ್ತೈದು ವರ್ಷ, ಅಂದರೆ 27,393 ದಿನ. ಹಬ್ಬದ ರಜೆಗಳನ್ನು ಕಳೆದು ವರ್ಷಕ್ಕೆ 360 ಸಂಚಿಕೆ ಹಿಡಿದರೂ 27,000. ಮೊದಮೊದಲು ಪುಟ ಕಡಿಮೆ ಇತ್ತು, ಈಚೆಗೆ ಎಷ್ಟೋ ದಿನ ಹದಿನಾರಕ್ಕೂ ಹೆಚ್ಚು. ಸರಾಸರಿ ಹದಿನಾರೇ ಇರಲಿ.

ಟಿ. ನರಸೀಪುರದ ಒಂದು ಮನೆಯವರು ಮೊದಲ ದಿನದಿಂದ ಪೇಪರ್ ಹಾಕಿಸಿಕೊಂಡು ಒಂದನ್ನೂ ಬಿಸಾಡಲಿಲ್ಲ ಎಂದಿಟ್ಟುಕೊಳ್ಳಿ. ವರ್ಷಕ್ಕೆ ನಲವತ್ತು ಸೆಂಟಿಮೀಟರ್‌ನಂತೆ ರಾಶಿ ಏರುತ್ತದೆ. ಎಪ್ಪತ್ತೈದು ವರ್ಷಕ್ಕೆ 30 ಮೀಟರ್. ಶ್ರೀಕಂಠೇಶ್ವರನ ಗೋಪುರ ಮೂವತ್ತಾರೂವರೆ ಮೀಟರ್. ಆ ಕಾಗದದ ರಾಶಿ ಕಳಶದ ಮಟ್ಟ ಮುಟ್ಟುವುದು 2039ರ ಸುಮಾರಿಗೆ. ತೂಕ ಹದಿನೆಂಟು ಕ್ವಿಂಟಾಲ್ ದಾಟಿತು, 75 ಕಿಲೋದ ಮೂಟೆಯಲ್ಲಿ ಇಪ್ಪತ್ನಾಲ್ಕು ಮೂಟೆ ಭತ್ತದಷ್ಟು.

ಎತ್ತರ ಬೇಡ, ನೆಲಕ್ಕೆ ಹಾಸಿ. ಮಡಿಕೆ ಬಿಚ್ಚಿದರೆ ಒಂದು ಸಂಚಿಕೆ ಒಂದೂವರೆ ಚದರ ಮೀಟರ್, ಒಬ್ಬರು ಮಲಗುವ ಚಾಪೆಯಷ್ಟು. 27,000 ಸಂಚಿಕೆ ಹಾಸಿದರೆ ಹತ್ತು ಎಕರೆ! ನಮ್ಮ ಕಡೆ ನಾಲೆ ನೀರಿನ ಗದ್ದೆ ಹತ್ತು ಎಕರೆ ಇರುವವರನ್ನು ಜಮೀನ್ದಾರರು ಎನ್ನುತ್ತಾರೆ. ಒಬ್ಬ ಚಂದಾದಾರನ ಪಾಲಿಗೇ ಅಷ್ಟು ಸುದ್ದಿ, ಅದೂ ಹಾಳೆಯ ಎರಡೂ ಬದಿಗೆ ಅಚ್ಚಾಗಿ.

ಪದಗಳ ಲೆಕ್ಕವೇ ನನಗೆ ಹೆಚ್ಚು ಬೆರಗು ತಂದದ್ದು. ಜಾಹೀರಾತು, ಚಿತ್ರ ಬಿಟ್ಟು ಪುಟಕ್ಕೆ ಎರಡು ಸಾವಿರ ಪದ ಹಿಡಿದರೆ ದಿನಕ್ಕೆ 32,000. ವ್ಯಾಸ ಮಹಾಭಾರತದ ಲಕ್ಷ ಶ್ಲೋಕದಲ್ಲಿ ಸುಮಾರು ಹದಿನೆಂಟು ಲಕ್ಷ ಪದ ಎನ್ನುತ್ತಾರೆ. ಹಾಗಿದ್ದರೆ ಪೇಪರ್ ಆಫೀಸಿನವರು ಎರಡು ತಿಂಗಳಿಗೊಂದು ಮಹಾಭಾರತದಷ್ಟು ಬರೆದು, ತಿದ್ದಿ, ಅಚ್ಚು ಹಾಕುತ್ತಿದ್ದಾರೆ. ಎಪ್ಪತ್ತೈದು ವರ್ಷದ್ದು 86 ಕೋಟಿ ಪದ. ಊಟ ನಿದ್ದೆ ಬಿಟ್ಟು ಓದಲು ಕೂತರೂ ಎಂಟು ವರ್ಷ ಬೇಕು.

ಇನ್ನು ಅಚ್ಚಿನ ಮನೆ. ಈ ಪೇಪರ್ ಮೈಸೂರಿನಲ್ಲೂ ಅಚ್ಚಾಗುತ್ತದೆ. ಒಂದು ಟನ್ ತೂಗುವ ಕಾಗದದ ರೀಲು ಬಿಚ್ಚಿದರೆ ಸುಮಾರು 16 ಕಿಲೋಮೀಟರ್. ಎರಡು ರೀಲು ಹಾಸಿದರೆ ಮೈಸೂರಿನಿಂದ ನಂಜನಗೂಡು ಮುಟ್ಟಿ, ಊರು ದಾಟಿ ಮುಂದಕ್ಕೂ ಹೋಗುತ್ತದೆ. ಗಂಟೆಗೆ 40,000 ಪ್ರತಿ ತೆಗೆಯುವ ಯಂತ್ರದೊಳಗೆ ಕಾಗದ ಗಂಟೆಗೆ 22 ಕಿಲೋಮೀಟರ್ ಓಡುತ್ತದೆ, ಸೈಕಲ್ ಜೋರಾಗಿ ತುಳಿಯುವವನ ವೇಗ. ಒಂದು ಸೆಕೆಂಡಿಗೆ ಹನ್ನೊಂದು ಪೇಪರ್.

1878ರ ಸೆಪ್ಟೆಂಬರ್ 20ರಂದು ಮದರಾಸಿನಲ್ಲಿ ಆರು ಯುವಕರು ಒಂದು ರೂಪಾಯಿ ಹನ್ನೆರಡಾಣೆ ಸಾಲ ಮಾಡಿ ‘ದಿ ಹಿಂದೂ’ ವಾರಪತ್ರಿಕೆ ತಂದಾಗ ಹಾಕಿದ್ದು 80 ಪ್ರತಿ. ಇಂದಿನ ಯಂತ್ರಕ್ಕೆ ಅದು ಏಳು ಸೆಕೆಂಡಿನ ಕೆಲಸ. ಆ ಪತ್ರಿಕೆ ದಿನಪತ್ರಿಕೆಯಾದದ್ದು 1889ರ ಏಪ್ರಿಲ್ 1ರಿಂದ. ಅದು ಹುಟ್ಟಿ ನೂರು ವರ್ಷಕ್ಕೆ, 1978ರಲ್ಲಿ, ಕೆ.ಬಿ. ಗಣಪತಿ ಮೈಸೂರಿನಲ್ಲಿ ‘ಸ್ಟಾರ್ ಆಫ್ ಮೈಸೂರ್’ ಎಂಬ ಇಂಗ್ಲಿಷ್ ಸಂಜೆಪತ್ರಿಕೆ ಶುರು ಮಾಡಿದರು. ಒಂದು ಜಿಲ್ಲಾ ಕೇಂದ್ರದಿಂದ ಇಂಗ್ಲಿಷ್ ದಿನಪತ್ರಿಕೆ ಹೊರಟು ದಶಕಗಳ ಕಾಲ ನಿಂತದ್ದು ಸಣ್ಣ ಮಾತಲ್ಲ.

ಇಷ್ಟೆಲ್ಲ ಓಡಾಟದ ಕೊನೆ ನಂಜನಗೂಡಿನ ಬೀದಿಯಲ್ಲಿ. ಬೆಳಕು ಹರಿಯುವ ಮುಂಚೆ ಬಂಡಲ್ ಬೀಳುತ್ತವೆ. ಹುಡುಗರು ಕುಕ್ಕರಗಾಲಲ್ಲಿ ಕೂತು ಪ್ಲಾಸ್ಟಿಕ್ ಪಟ್ಟಿ ಕಿತ್ತು, ಪುರವಣಿಯನ್ನು ಪೇಪರ್ ಹೊಟ್ಟೆಗೆ ಸೇರಿಸುತ್ತಾರೆ. ಹತ್ತಿರ ಹೋದರೆ ಶಾಯಿ ವಾಸನೆ. ಹುಡುಗರ ಹೆಬ್ಬೆರಳು ಕಪ್ಪಾಗಿರುತ್ತದೆ. ಕನ್ನಡ ಪೇಪರ್ ಕಟ್ಟು ದಪ್ಪ, ಇಂಗ್ಲಿಷಿನದು ತೆಳು. ಆದರೂ ಆ ತೆಳು ಕಟ್ಟಿನ ಒಂದೊಂದು ಪ್ರತಿಗೂ ಹೋಗುವ ಮನೆ ಯಾವುದೆಂದು ಹುಡುಗನಿಗೆ ಬಾಯಿಪಾಠ: ನಿವೃತ್ತ ಮೇಷ್ಟ್ರು, ವಕೀಲರು, ಪರೀಕ್ಷೆಗೆ ಓದುವ ಹುಡುಗಿ.

ಮರುದಿನ ಅದು ಹಳೆಯದು. ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದಲ್ಲಿ 1959ರಲ್ಲಿ ಸ್ಥಾಪನೆಯಾದ ಸೌತ್ ಇಂಡಿಯಾ ಪೇಪರ್ ಮಿಲ್ಸ್ ಇದೆ. ಹಳೆ ಕಾಗದವನ್ನು ನೆನೆಸಿ ಅರೆದು ಕಂದು ಬಣ್ಣದ ಕ್ರಾಫ್ಟ್ ಕಾಗದ ಮಾಡುತ್ತದೆ. ಆ ಕಾಗದದಿಂದ ರಟ್ಟಿನ ಡಬ್ಬಗಳಾಗುತ್ತವೆ. ಒಂದಕ್ಷರವೂ ಉಳಿಯುವುದಿಲ್ಲ. ಕಾಗದ ಮರುಬಳಕೆಯಾಗುವುದು ಒಳ್ಳೆಯದೇ. ನನ್ನ ಸಂಕಟ ಬೇರೆ. ಗೋಪುರದೆತ್ತರ ಏರಬಹುದಾದ ಆ ರಾಶಿಯನ್ನು ನಾನು ಯಾರ ಮನೆಯಲ್ಲೂ ಕಂಡಿಲ್ಲ.

ಆ 86 ಕೋಟಿ ಪದಗಳಲ್ಲಿ ನಮ್ಮ ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳವೂ ಇವೆ. ಕಪಿಲೆಯ ನೆರೆ, ತಲಕಾಡಿನ ಪಂಚಲಿಂಗ ದರ್ಶನ, ತಿರುಮಕೂಡಲಿನಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ, ತೋಟಗಳಿಂದ ಮರೆಯಾಗುತ್ತ ಬಂದ ನಂಜನಗೂಡು ರಸಬಾಳೆ. ಹೆಚ್ಚಿನವು ಜಿಲ್ಲಾ ಪುಟದ ಮೂಲೆಯಲ್ಲಿ, ಒಂದು ಕಾಲಂನ ನಾಲ್ಕು ಬೆರಳುದ್ದದ ಸುದ್ದಿ. ಊರಿನ ಚರಿತ್ರೆ ಬರೆಯಬೇಕೆಂದು ಹೊರಟವನಿಗೆ ಆ ನಾಲ್ಕು ಬೆರಳು ಸಾಕು. ದಿನ, ಜಾಗ, ನೀರು ಏರಿದ ಮಟ್ಟ ಎಲ್ಲ ಅದರಲ್ಲಿ ಸಿಗುತ್ತದೆ.

ಕೇಳಿಕೊಳ್ಳುವುದಿಷ್ಟೇ. ಗುಜರಿಯವರು ತಕ್ಕಡಿ ಹಿಡಿದು ಬಂದಾಗ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿ. ನಿಮ್ಮೂರಿನ ಹೆಸರಿರುವ ತುಂಡನ್ನು ತಾರೀಖು ಕಾಣುವಂತೆ ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸಿ. ನೋಟ್‌ಬುಕ್ ತುಂಬಿದ ಮೇಲೆ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಟ್ಟು ಬನ್ನಿ.