ರಾತ್ರಿ ಪಾಳಿಯ ಕರೆಂಟಿಗೆ ಒಂದು ಫೋನು

ಅಪ್ಪನ ಮೂರು ಸೆಲ್ಲಿನ ಸ್ಟೀಲ್ ಬ್ಯಾಟರಿ ಇನ್ನೂ ಊರಮನೆಯ ಪಡಸಾಲೆಯಲ್ಲಿ ಗೂಟಕ್ಕೆ ಜೋತುಬಿದ್ದಿದೆ. ಲಿಂಗಸುಗೂರು ತಾಲ್ಲೂಕಿನ ನಮ್ಮ ಊರಿಗೆ ಕಾಲುವೆ ನೀರಿಲ್ಲ, ಬೋರನ್ನೇ ನಂಬಿದ ಹೊಲ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಂದರೆ ಅಪ್ಪ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಬಡಿಗೆ ಹಿಡಿದು, ಹಾವು ಸರಿಯಲಿ ಅಂತ ನೆಲಕ್ಕೆ ಕುಟ್ಟುತ್ತ ಹೋಗುತ್ತಿದ್ದ. ಹೊಲ ಮುಟ್ಟುವುದರೊಳಗೆ ಕರೆಂಟು ಹೋಗಿದ್ದರೆ, ಮತ್ತೆ ಬರುವ ತನಕ ಬೇವಿನ ಮರದ ಕೆಳಗೆ ಕೂಡಬೇಕು. ಅವನು ವಾಪಸ್ ಬಂದು ಚಿಲಕ ತೆಗೆದ ಸಪ್ಪಳ ಕೇಳುವವರೆಗೆ ಅವ್ವನಿಗೆ ನಿದ್ದೆ ಇರುತ್ತಿರಲಿಲ್ಲ.

ಆದ್ದರಿಂದ ನನಗೆ ಅತ್ಯಂತ ಪ್ರಿಯವಾದ ಯಂತ್ರ ನನ್ನ ಜೇಬಿನಲ್ಲಿಲ್ಲ. ಅದು ಹೊಲದ ಶೆಡ್ಡಿನಲ್ಲಿ, ಸ್ಟಾರ್ಟರ್ ಡಬ್ಬಿಯ ಪಕ್ಕ ಗೋಡೆಗೆ ಬಡಿದಿರುವ ಮೊಬೈಲ್ ಸ್ಟಾರ್ಟರ್. ಒಳಗೊಂದು ಸಿಮ್ ಇದೆ. ತ್ರೀ ಫೇಸ್ ಬಂದ ಕೂಡಲೇ ಮನೆಯ ಫೋನಿಗೆ ಅದೇ ಕಾಲ್ ಮಾಡುತ್ತದೆ. ನಾವು ಕಾಲ್ ಮಾಡಿ ಒಂದು ಒತ್ತಿದರೆ ಮೋಟಾರು ಚಾಲೂ, ಮೂರು ಒತ್ತಿದರೆ ಬಂದ್. ಬೋರಿನಲ್ಲಿ ನೀರು ಕಡಿಮೆಯಾದರೆ, ಒಂದು ಫೇಸ್ ಹೋದರೆ, ಮೋಟಾರು ಸುಡುವ ಮೊದಲೇ ತಾನೇ ನಿಲ್ಲಿಸುತ್ತದೆ. ಇದಕ್ಕೆ ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ, ಗುಂಡಿ ಒತ್ತುವ ಹಳೇ ಮೊಬೈಲ್ ಸಾಕು. ಇಂಥ ಸಾಧನವನ್ನು ನಮ್ಮ ದೇಶದಲ್ಲಿ ಮೊದಮೊದಲು ತಯಾರಿಸಿದವರಲ್ಲಿ ಪುಣೆಯ ಎಂಜಿನಿಯರ್ ಸಂತೋಷ್ ಓಸ್ತವಾಲ್ ಒಬ್ಬರು. ಅವರ ‘ನ್ಯಾನೋ ಗಣೇಶ’ ಹುಟ್ಟಿದ್ದು, ವಯಸ್ಸಾದ ಅಜ್ಜ ಪಂಪ್ ಚಾಲೂ ಮಾಡಲು ಹೊಲಕ್ಕೆ ನಡೆದು ಹೋಗುವುದನ್ನು ನೋಡಿ. ಆ ಸುದ್ದಿ ಓದಿದ ದಿನ ನನಗೆ ಗೂಟದ ಮೇಲಿನ ಬ್ಯಾಟರಿ ನೆನಪಾಗಿತ್ತು.

ಮೊಬೈಲ್ ಸ್ಟಾರ್ಟರಿಗೂ ಒಂದು ಕಾಟವಿದೆ. ಸಿಮ್ಮಿಗೆ ಕರೆನ್ಸಿ ಹಾಕಿಸುವುದು ಮರೆತರೆ ಡಬ್ಬಿ ಮೂಕವಾಗುತ್ತದೆ. ಒಮ್ಮೆ ಹಾಗಾಗಿ, ಹೂವಿಗೆ ಬಂದ ಮೆಣಸಿನ ಗಿಡಕ್ಕೆ ಎರಡು ಪಾಳಿ ನೀರು ತಪ್ಪಿತು. ಅಂದಿನಿಂದ ರೀಚಾರ್ಜ್ ದಿನವನ್ನು ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಇಡುತ್ತಾನೆ.

ಹೊಸ ಫೋನು ಬಂದಾಗ ಜನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತಾರೆ. ನಾನು ಮೊದಲು ನೋಡುವುದು, ಇದರಿಂದ ಯಾರ ತಿರುಗಾಟ ತಪ್ಪಿತು ಎಂಬುದನ್ನು.

ನಾನಿರುವುದು ಸಿಂಧನೂರಿನಲ್ಲಿ. ಇಲ್ಲಿ ನೀರಿನ ಲೆಕ್ಕವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ ಇದು. ಮಳೆಗಾಲದಲ್ಲಿ ಬೆಳಗಾದರೆ ವಾಟ್ಸ್‌ಆ್ಯಪ್‌ನಲ್ಲಿ ಮೊದಲು ಬರುವುದು ಡ್ಯಾಮಿನ ಮಟ್ಟ, ಒಳಹರಿವು, ಹೊರಹರಿವು. 1,633 ಅಡಿ ತುಂಬಿದರೆ ಚಹಾ ಅಂಗಡಿಯಲ್ಲಿ ದನಿಗಳು ಏರುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋದಾಗ ಅದೇ ಗುಂಪುಗಳಲ್ಲಿ ಯಾವುಯಾವುದೋ ಊರಿನ, ಯಾವುಯಾವುದೋ ವರ್ಷದ ವಿಡಿಯೊಗಳು ಹರಿದಾಡಿದವು. ನಾಟಿ ಮಾಡಿ ಕೂತವರ ಎದೆ ಒಡೆಯಲು ಅಷ್ಟು ಸಾಕು. ವಾಟ್ಸ್‌ಆ್ಯಪ್ ಬಗ್ಗೆ ನನ್ನ ಅಭಿಪ್ರಾಯ ಅವತ್ತೇ ಗಟ್ಟಿಯಾಯಿತು: ಅಂಕಿಯ ಒಂದು ಸಾಲು ನಂಬುತ್ತೇನೆ, ಫಾರ್ವರ್ಡ್ ಆದ ವಿಡಿಯೊ ಮುಟ್ಟುವುದಿಲ್ಲ.

ಕಂಪ್ಯೂಟರಿನಲ್ಲಿ ನನಗೆ ಪ್ರೀತಿ ಇರುವುದು ‘ನುಡಿ’ಯ ಮೇಲೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕೂಡಿಸಿದ ಜಾಣ್ಮೆ ಅದು. ‘ಮಸ್ಕಿ’ ಬೇಕಾದರೆ ಎಮ್, ಎಸ್, ಎಫ್, ಕೆ, ಐ. ನಡುವಿನ ಆ ಎಫ್ ‘ಸ’ಕಾರದ ಕೆಳಗೆ ‘ಕ’ಕಾರವನ್ನು ಒತ್ತಾಗಿ ಕೂಡಿಸುತ್ತದೆ. ಒತ್ತಕ್ಷರಕ್ಕೆ ಒಂದೇ ಕೀಲಿ! ಡಿಟಿಪಿ ಅಂಗಡಿಯ ಹುಡುಗರು ತಹಶೀಲ್ದಾರರಿಗೆ ಕೊಡುವ ಅರ್ಜಿ ಹೊಡೆಯುವಾಗ ಕೀಲಿಮಣೆಯ ಕಡೆ ಕಣ್ಣನ್ನೂ ಹಾಯಿಸುವುದಿಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ‘ಬರಹ’ದ ಋಣವೂ ನನ್ನ ವಯಸ್ಸಿನವರ ಮೇಲಿದೆ. ಆದರೆ ಹಳೆಯ ಫಾಂಟಿನಲ್ಲಿ ಹೊಡೆದ ಅರ್ಜಿಯನ್ನು ಮೊಬೈಲಿಗೆ ಅಂಟಿಸಿದರೆ ಇವತ್ತಿಗೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಬಿಟ್ಟಿಯಾಗಿ ಸಿಗುತ್ತವೆ. ಅವು ಇವೆ ಎಂಬ ಮಾತೇ ಎಷ್ಟೋ ಅಂಗಡಿಗಳಿಗೆ ಮುಟ್ಟಿಲ್ಲ ಎಂಬುದು ನನ್ನ ಸಂಕಟ.

ಮಸ್ಕಿಯ ಹೆಸರು ಬಂತಲ್ಲ. ಅಲ್ಲಿ 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕಲು ಬಂದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದದ್ದು ಅಶೋಕನ ಹೆಸರನ್ನೇ ಹೇಳುವ ಬಂಡೆಯ ಶಾಸನ. ಆ ಬ್ರಾಹ್ಮಿ ಅಕ್ಷರಗಳಿಗೂ 2010ರಲ್ಲಿ ಯುನಿಕೋಡಿನಲ್ಲಿ ಜಾಗ ಸಿಕ್ಕಿದೆ. ಅಷ್ಟು ಹಳೆಯ ಲಿಪಿಯೇ ಹೊಸ ಲೆಕ್ಕಕ್ಕೆ ಬಂದಿರುವಾಗ ನಮ್ಮ ಕಚೇರಿ, ಅಂಗಡಿಗಳ ಕನ್ನಡ ಹಳೇ ಫಾಂಟಿನಲ್ಲೇ ಸಿಕ್ಕಿಕೊಂಡಿರುವುದು ಸರಿಯಲ್ಲ.

ಊರಿಗೆ ಹೋಗುವ ದಾರಿಯಲ್ಲೇ ಮಸ್ಕಿ. ಅಲ್ಲಿಯ ಗೆಳೆಯರೊಬ್ಬರ ಹೊಲದಲ್ಲಿ ನಾನು ಮೊದಲ ಸಲ ‘ದಿಶಾಂಕ್’ ತೆರೆದದ್ದು. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ಈ ಆ್ಯಪ್ ನಾವು ನಿಂತ ಜಾಗ ಯಾವ ಸರ್ವೆ ನಂಬರಿನೊಳಗಿದೆ ಎಂದು ತೋರಿಸುತ್ತದೆ. ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಪರದೆಯ ಮೇಲಿನ ಚುಕ್ಕೆ ಪಕ್ಕದ ನಂಬರಿಗೆ ದಾಟುತ್ತದೆ. ಅದನ್ನು ನೋಡಿ ಗೆಳೆಯರ ಕಾಕಾ, “ನೋಡ್ರೀ, ಅವ್ರು ಒಡ್ಡು ಒತ್ಯಾರ ಅಂತ ನಾ ಹೇಳಿದ್ನಿಲ್ಲೋ” ಎಂದು ಎದ್ದೇ ನಿಂತರು. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ಸಹಜ, ಹದ್ದುಬಸ್ತು ಆಗಬೇಕಾದರೆ ಸರ್ವೆಯವರೇ ಬರಬೇಕು ಎಂದು ತಿಳಿಹೇಳುವುದರಲ್ಲಿ ಸಂಜೆಯಾಯಿತು. ನಂಬರು ತಿಳಿಯಲು ದಿಶಾಂಕ್‌ನಂಥದ್ದು ಇನ್ನೊಂದಿಲ್ಲ. ಜಗಳಕ್ಕೆ ಅದನ್ನು ಸಾಕ್ಷಿ ಮಾಡಬಾರದು.

ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ರೈತನೇ ಹೊಲದಲ್ಲಿ ನಿಂತು ತನ್ನ ಬೆಳೆಯ ಫೋಟೊ ಏರಿಸುವುದು ಒಳ್ಳೆಯ ಪದ್ಧತಿ. ಇನ್ನೊಂದು ಆ್ಯಪ್ ಇತ್ತು, ಹೆಸರು ಬೇಡ. ಅದರ ಒಟಿಪಿ ಬರಲು ಮಾಳಿಗೆ ಹತ್ತಬೇಕಿತ್ತು, ಕೆಳಗಿಳಿಯುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಅದನ್ನು ಮಾಡಿದವರು ಒಂದು ದಿನ ನಮ್ಮ ಮಾಳಿಗೆ ಹತ್ತಬೇಕಿತ್ತು ಅನಿಸುತ್ತದೆ.

2017ರಲ್ಲಿ ಗೂಗಲ್ ಕನ್ನಡಕ್ಕೂ ಧ್ವನಿ ಟೈಪಿಂಗ್ ತಂದಾಗ ನಾನು ಕುಣಿದಾಡಿದ್ದೆ. ಅವ್ವನಿಗೆ ಓದು ಬರಹ ಬರುವುದಿಲ್ಲ. ಫೋನು ಅವಳ ಮುಂದೆ ಹಿಡಿದು, “ಮಾತಾಡವ್ವ, ಅದ ಬರಕೊಂತೈತಿ” ಅಂದೆ. ಅವ್ವ ಸೆರಗು ಸರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡು, “ಊಟ ಆಯಿತೇ” ಅಂದಳು. ಹುಟ್ಟಿದಾಗಿನಿಂದ ನನ್ನನ್ನು “ಉಂಡೇನಪಾ” ಎಂದು ಕೇಳಿದವಳು! ಸಾಹೇಬರ ಮುಂದೆ ನಿಂತಾಗ ಆಡುವ ಮಾತನ್ನು ಫೋನಿನ ಮುಂದೆ ಆಡಿದ್ದಳು. ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು. ರಾಯಚೂರು ಸೀಮೆಯ ಮಾತನ್ನು ಹಾಗೆಯೇ ಕೇಳಿಸಿಕೊಳ್ಳುವ ತಂತ್ರಾಂಶ ಬರುವ ತನಕ ಅವ್ವನಿಗೆ ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜೇ ಸರಿ ಎಂದು ಮೈಕಿನ ಗುರುತು ಒತ್ತಿ ಹಿಡಿಯುವುದನ್ನು ಕಲಿಸಿದೆ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಎದ್ದಾಗ ಅವಳಿಂದ ಎಂಟು ಸೆಕೆಂಡಿನ ಮೆಸೇಜು ಬಂದಿತ್ತು, ರಾತ್ರಿ ಎರಡೂ ಹತ್ತಕ್ಕೆ ಕಳಿಸಿದ್ದು. “ಕರೆಂಟ್ ಬಂದೈತಪಾ. ನಿಮ್ಮಪ್ಪಗ ಮೈ ಬೆಚ್ಚಗ ಆಗಿತ್ತು, ಮಕ್ಕೊಂಡಾನ, ಎಬ್ಬಸಲಿಲ್ಲ. ಒಂದು ಒತ್ತಿ ನಾನ ಮೋಟ್ರು ಚಾಲೂ ಮಾಡೀನಿ.”