ಜಗಲಿಯಿಂದ ಕಚೇರಿಗೆ

ಮಾಲೂರಿನಲ್ಲಿ ಬೆಳಗಿನ ರೈಲನ್ನೋ, ಕೋಲಾರದಲ್ಲಿ ಬಸ್ಸನ್ನೋ ಹಿಡಿದು ಬೆಂಗಳೂರಿನ ಕಚೇರಿಗಳಿಗೆ ಹೋಗಿಬರುವ ತರುಣತರುಣಿಯರದಂಥ ವೃತ್ತಿಯನ್ನು ಕುರಿತು ಪೀಟರ್ ಡ್ರಕರ್ ಎಂಬ ಚಿಂತಕನು 1959ರಲ್ಲಿ ಬರೆಯುತ್ತ ಅಂಥವರನ್ನು ಜ್ಞಾನಕಾರ್ಮಿಕರೆಂದು ಕರೆದನು. ಆದರೆ ಲೆಕ್ಕವಿಟ್ಟು, ಬರೆದು, ವಿಚಾರಮಾಡಿ ಬಾಳುವ ಕಸುಬು ಈ ಸೀಮೆಗೆ ಅದಕ್ಕಿಂತ ಬಹು ಪುರಾತನವಾದುದು.

ಹಳ್ಳಿಯ ಲೆಕ್ಕವಿಡುತ್ತಿದ್ದ ಶಾನುಭೋಗನಿಗೆ ಮನೆಯ ಜಗಲಿಯೇ ಕಚೇರಿಯಾಗಿದ್ದಿತು. ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಕಡತವನ್ನು ಮುಂದೆ ಹರಡಿಕೊಂಡು ಅವನು ಬಳಪದಿಂದ ಬರೆಯುವನು. ತಪ್ಪಿದ್ದನ್ನು ಒರಸಿ ಮತ್ತೆ ಬರೆಯುವನು. ಯಾವ ಹೊತ್ತಿಗೆ ಕುಳಿತುಕೊಳ್ಳಬೇಕೆಂದು ಅವನಿಗೆ ಯಾರೂ ವಿಧಿಸಲಿಲ್ಲ. ಜಮಾಬಂದಿಯೆಂಬ ಕಂದಾಯದ ತಪಾಸಣೆಯ ಕಾಲಕ್ಕೆ ಮಾತ್ರ ಲೆಕ್ಕವೆಲ್ಲ ಸರಿಯಾಗಿ ತಾಲ್ಲೂಕಿನ ಅಮಲ್ದಾರರ ಮುಂದೆ ನಿಲ್ಲಬೇಕಾಗಿದ್ದಿತು. ದಿನಗಳು ಅವನವು, ಗಡುವು ಸರ್ಕಾರದ್ದು. ಆ ವಂಶಪಾರಂಪರ್ಯದ ಹುದ್ದೆಯನ್ನು ರದ್ದುಗೊಳಿಸಿದ ಶಾಸನ 1961ರದು. ಅದಕ್ಕೆ ಬಹಳ ಮೊದಲೇ, ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ, ಹದಿನೆಂಟು ಇಲಾಖೆಗಳನ್ನು ಒಂದೇ ಸೂರಿನಡಿ ತಂದ ಬೆಂಗಳೂರಿನ ಅಠಾರಾ ಕಚೇರಿಯು 1868ರಲ್ಲಿ ಸಿದ್ಧವಾಗಿ, ಬುದ್ಧಿಯ ಕೆಲಸಕ್ಕೆ ಮನೆಯಿಂದ ಬೇರೆಯಾದ ಸ್ಥಳವೂ ಗಂಟೆಯ ಕಟ್ಟಳೆಯೂ ರೂಢಿಗೆ ಬಂದುವು.

ಈ ಕಟ್ಟಳೆಯು ಒಬ್ಬ ಪ್ರತಿಭಾವಂತನ ಕೆಲಸವನ್ನು ಹೇಗೆ ರೂಪಿಸಿತೆಂಬುದನ್ನು ನೋಡಬೇಕೆಂದರೆ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ನೋಡಬೇಕು. 1914ರಲ್ಲಿ ಮೈಸೂರು ಸಿವಿಲ್ ಸರ್ವಿಸನ್ನು ಸೇರಿ, ಊರಿಂದೂರಿಗೆ ವರ್ಗವಾಗುತ್ತ, ಸರ್ಕೀಟು ತಿರುಗುತ್ತ, ಸುಮಾರು ಮೂರು ದಶಕ ದೊರೆತನದ ಭಾರವನ್ನು ಹೊತ್ತವರು ಅವರು. ಆ ಕಾಲದಲ್ಲಿಯೇ, 1920ರಲ್ಲಿ, ‘ಕೆಲವು ಸಣ್ಣ ಕಥೆಗಳು’ ಹೊರಬಂದು ಕನ್ನಡ ಸಣ್ಣಕಥೆಗೆ ಅಸ್ತಿಭಾರವಾಯಿತು. ತಮಗಿಂತ ಕಿರಿಯರಿಗೆ ಮೇಲಿನ ಸ್ಥಾನ ದೊರೆತಾಗ 1943ರಲ್ಲಿ ಅವರು ಹುದ್ದೆಯನ್ನು ತ್ಯಜಿಸಿ, ಮರುವರ್ಷವೇ ‘ಜೀವನ’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡರು. ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಎಂಬ ಎರಡು ಮಹಾಕಾದಂಬರಿಗಳೂ ನಿವೃತ್ತಿಯ ಆಚೆಯವು. ಹಂಚಿಹೋದ ಹಗಲಿನ ಅಂಚಿನಲ್ಲಿ ಕಥೆ ಹುಟ್ಟಬಲ್ಲುದು. ‘ಚಿಕವೀರ ರಾಜೇಂದ್ರ’ದಲ್ಲಿ ಆದಂತೆ ಕೊಡಗಿನ ಒಂದು ರಾಜ್ಯದ ಪತನವನ್ನು ಪೂರ್ಣವಾಗಿ ಮನಸ್ಸಿನಲ್ಲಿ ಧರಿಸಿಕೊಂಡಿರುವುದಕ್ಕೆ ಹಗಲೇ ತನ್ನದಾಗಬೇಕು ಎಂದು ನಾನು ಇದರಿಂದ ಊಹಿಸುತ್ತೇನೆ.

ಮುಳಬಾಗಿಲಿನ ಡಿ.ವಿ. ಗುಂಡಪ್ಪನವರದು ಬೇರೆ ದಾರಿ. ಮೆಟ್ರಿಕ್ಯುಲೇಷನ್ ದಾಟದ ಅವರಿಗೆ ಸರ್ಕಾರದ ಕುರ್ಚಿಯೂ ಇರಲಿಲ್ಲ, ತಿಂಗಳ ಸಂಬಳದ ಭರವಸೆಯೂ ಇರಲಿಲ್ಲ. 1913ರಲ್ಲಿ ‘ಕರ್ನಾಟಕ’ ಪತ್ರಿಕೆಯನ್ನು ಹೂಡಿ ವಾರಕ್ಕೆ ಎರಡು ಸಲ ಹೊರಡಿಸಿದ ಅವರಿಗೆ ಅಚ್ಚಿನ ಮನೆಯ ಗಡುವೇ ಯಜಮಾನನಾಯಿತು. ಸ್ವಂತ ಶಿಸ್ತಿನಿಂದಲೇ ಬದುಕಿದ ಇಂಥವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರೆಂಬುದು ನನಗೆ ಅತ್ಯಂತ ಅರ್ಥವತ್ತಾಗಿ ಕಾಣುತ್ತದೆ. ಒಬ್ಬನೇ ಕುಳಿತು ಓದುವುದಕ್ಕೆ ಗ್ರಂಥಭಂಡಾರ, ಕೂಡಿ ವಾದಿಸುವುದಕ್ಕೆ ಅಧ್ಯಯನ ಗೋಷ್ಠಿ: ಮೌನಕ್ಕೂ ಮಾತಿಗೂ ಅಲ್ಲಿ ಬೇರೆ ಬೇರೆ ಎಡೆಯುಂಟು.

ಈಚಿನ ಕಚೇರಿಗಳು ಈ ವಿವೇಕವನ್ನು ಮರೆತು ಗೋಡೆಗಳನ್ನು ಕೆಡವಿದುವು. ಎಲ್ಲರೂ ಎಲ್ಲರಿಗೂ ಕಂಡರೆ ಸಹಕಾರ ಬೆಳೆದೀತೆಂಬುದು ಎಣಿಕೆ. ಆದರೆ ಎರಡು ದೊಡ್ಡ ಕಂಪನಿಗಳಲ್ಲಿ ಬರ್ನ್‌ಸ್ಟೈನ್, ಟರ್ಬನ್ ಎಂಬಿಬ್ಬರು ಸಂಶೋಧಕರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೋಡೆ ಹೋದ ಮೇಲೆ ಮುಖಾಮುಖಿ ಮಾತು ಸುಮಾರು ಶೇ. 70ರಷ್ಟು ಇಳಿದು, ಮಿಂಚಂಚೆ ಹೆಚ್ಚಿತು. ಸದಾ ಎಲ್ಲರ ಕಣ್ಣೆದುರಿಗಿರಬೇಕಾದವನು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ತನ್ನ ಗೋಡೆಯನ್ನು ತಾನೇ ಕಟ್ಟಿಕೊಳ್ಳುತ್ತಾನೆ.

2020ರ ಲಾಕ್‌ಡೌನಿನಲ್ಲಿ ಶ್ರೀನಿವಾಸಪುರದ ಮಾವಿನ ತೋಪಿನ ಮನೆಗಳಿಗೂ ಲ್ಯಾಪ್‌ಟಾಪು ಬಂದಿತು. ಜಗಲಿ ಮತ್ತೆ ಕಚೇರಿಯಾಯಿತು. ಆದರೆ ಶಾನುಭೋಗನ ಬಿಡುವು ಅದರೊಡನೆ ಮರಳಲಿಲ್ಲ. ಗಳಿಗೆಗೊಮ್ಮೆ ಮೀಟಿಂಗಿನ ಕರೆ, ಕರೆಯ ನಡುವೆ ಚಾಟಿನ ಸದ್ದು. ಈಗ ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕೆಂದು ಆಜ್ಞೆ ಹೊರಡಿಸುವ ಮ್ಯಾನೇಜರು, ಮಾಲೂರಿನಿಂದ ಬಂದ ಹುಡುಗಿಗೆ ಅಲ್ಲಿ ಯಾರೂ ಕರೆಯದ ಮೂರು ಗಂಟೆಗಳ ಹೊತ್ತು ದಿನಕ್ಕೊಮ್ಮೆಯಾದರೂ ಸಿಕ್ಕುವುದೇ ಎಂಬುದನ್ನೂ ಅದೇ ಆಜ್ಞೆಯಲ್ಲಿ ಬರೆದು ಕೊಡಬೇಕು.